ಗ್ಯಾಸ್ ಲೈಟರ್ ಮತ್ತು ಮೊಲದ ಹಲ್ಲು

ಮೊಲ ಪೆಟ್ಟಿಗೆಯೊಳಗೆ ಹೋಗಲು ಒಪ್ಪದೇ ಇರಬಹುದಿತ್ತು. ಹೋದರೂ ನಾನು ಬಾಗಿಲು ಹಾಕುವಷ್ಟರಲ್ಲಿ ಹಿಂಗಾಲಿನಲ್ಲಿ ಒದ್ದು ಬೆನ್ನು ಮುರಿದುಕೊಳ್ಳಬಹುದಿತ್ತು. ಪೆಟ್ಟಿಗೆಯ ಹಿಡಿ ಮೆಟ್ಟಿಲ ಮೇಲೆಯೇ ಕಿತ್ತು ಬರಬಹುದಿತ್ತು. ಆಟೋ ಸಿಗದೇ ಹೋಗಬಹುದಿತ್ತು. ಸಿಕ್ಕ ಆಟೋದವನು ಪ್ರಾಣಿ ಹತ್ತಿಸಿಕೊಳ್ಳಲ್ಲ ಎನ್ನಬಹುದಿತ್ತು. ಗಂಗಮ್ಮ ಸರ್ಕಲ್ಲಿನಲ್ಲಿ ಬಸ್ಸಿನ ಹಾರನ್ನಿಗೆ ಅದರ ಎದೆ ನಿಂತುಹೋಗಬಹುದಿತ್ತು. ಮೊಲಗಳು ಬರೀ ಹೆದರಿಕೆಯಿಂದಲೂ ಸಾಯುತ್ತವೆ ಎಂದು ಎಲ್ಲೋ ಓದಿದ್ದೆ, ಓದಿದ್ದನ್ನು ಮರೆಯಲು ನೋಡಿದ್ದೆ, ಆಗಿರಲಿಲ್ಲ. ಕ್ಲಿನಿಕ್ಕಿನ ಬೆಂಚಿನ ಮೇಲೆ ಪಕ್ಕದಲ್ಲೇ ದೊಡ್ಡ ನಾಯಿ ಕೂತಿರಬಹುದಿತ್ತು. ಡಾಕ್ಟರು ಮದುವೆಗೆ ಹೋಗಿರಬಹುದಿತ್ತು. ಹಲ್ಲು ಕತ್ತರಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಬಹುದಿತ್ತು. ಹಲ್ಲು ಬುಡದ ತನಕ ಸೀಳಬಹುದಿತ್ತು. ರಕ್ತ ನೋಡಿ ನಾನೇ ತಲೆಸುತ್ತಿ ಬೀಳಬಹುದಿತ್ತು, ಬಿದ್ದವನು ಮೊಲದ ಮೇಲೆಯೇ ಬೀಳಬಹುದಿತ್ತು.

ಈ ಕೊನೆಯದು ಇಪ್ಪತ್ತೇಳನೆಯ ಸಾಲು. ಇದನ್ನೆಲ್ಲ ಕಾರ್ಖಾನೆಯ ತಪಾಸಣೆ ಫಾರಮ್ಮಿನ ಹಿಂಬದಿಯಲ್ಲಿ ಬರೆದಿದ್ದೆ. ಜಾಲಹಳ್ಳಿ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನದು ಗುಣಮಟ್ಟ ವಿಭಾಗ. ನೀರಿನ ಪಂಪಿನ ವಾಲ್ವು ಎಷ್ಟು ಬಗೆಯಲ್ಲಿ ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಿಡುವುದು ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವನಿಗೆ ಮನೆಗೆ ಬಂದ ತಕ್ಷಣ ನಿಲ್ಲಿಸು ಎಂದರೆ ಆಗುವುದಿಲ್ಲ. ಕೆಲಸಕ್ಕೆ ಸೇರುವ ಮೊದಲೂ ನಾನು ಹೀಗೇ ಇದ್ದೆ ಎಂದು ಅಮ್ಮ ಹೇಳುತ್ತಾಳೆ. ಸಂಬಳ ಕೊಟ್ಟು ಮಾಡಿಸುವವರು ಆಮೇಲೆ ಸಿಕ್ಕರು, ಅಷ್ಟೇ.

ಮೊಲ ನಮ್ಮದಲ್ಲ. ನನ್ನ ಹೆಂಡತಿ ಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಅವಳ ಕ್ಲಾಸಿನಲ್ಲಿ ಏರ್‌ಫೋರ್ಸ್ ಕ್ವಾರ್ಟರ್ಸಿನ ಹುಡುಗಿಯೊಬ್ಬಳಿದ್ದಳು. ಅಪ್ಪನಿಗೆ ದೂರದ ಯಾವುದೋ ಊರಿಗೆ ವರ್ಗವಾಯಿತು, ರೈಲಿನಲ್ಲಿ ಮೂರು ದಿನದ ದಾರಿ, ಮೊಲವನ್ನು ಒಯ್ಯುವಂತಿಲ್ಲ. ಅಬ್ಬಿಗೆರೆಯ ನಮ್ಮ ಮನೆಗೆ ಅದು ಬಂದದ್ದು ಹಾಗೆ, ಒಂದು ಹಳೇ ಟವೆಲ್ಲಿನ ಸಮೇತ. ಬೂದಿ ಬಣ್ಣ, ಒಂದು ಕಿವಿ ಮಾತ್ರ ಬಿಳಿ. ಹುಡುಗಿ ಅದಕ್ಕೊಂದು ಹೆಸರಿಟ್ಟಿದ್ದಳು, ನಮ್ಮ ಬಾಯಿಗೆ ಅದು ಹತ್ತಲಿಲ್ಲ. ಮೊಲ ಎಂದೇ ಕರೆದೆವು. ಹೇಗೆ ಕರೆದರೂ ಬರುತ್ತಿರಲಿಲ್ಲ.

ಅದರ ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡುವುದಿಲ್ಲ ಎಂಬುದು ಎರಡು ತಿಂಗಳ ಮೇಲೆ ಗೊತ್ತಾಯಿತು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಮೇಲಿನದು ಕೆಳಗಿನದನ್ನು ಉಜ್ಜಿದರೆ ಮಾತ್ರ ಸವೆಯುತ್ತದೆ. ನಮ್ಮ ಮೊಲದ ಹಲ್ಲು ಹಾಗೆ ಉಜ್ಜುವುದಿಲ್ಲವಾದ್ದರಿಂದ ಐದು ವಾರಕ್ಕೊಮ್ಮೆ ಕತ್ತರಿಸಲೇಬೇಕು. ಬಿಟ್ಟರೆ ಹಲ್ಲು ಸುರುಳಿ ಸುತ್ತಿ ಅಂಗುಳಕ್ಕೆ ಚುಚ್ಚುತ್ತದೆ, ಮೊಲ ತಿನ್ನುವುದನ್ನು ನಿಲ್ಲಿಸುತ್ತದೆ. ಒಂದು ದಿನ ಹೊಟ್ಟೆ ಖಾಲಿ ಬಿಟ್ಟ ಮೊಲ ಮಾರನೆಯ ದಿನ ಇರುತ್ತದೆಂದು ಹೇಳುವಂತಿಲ್ಲ.

ಮೊದಲ ಸಲ ನಾನೂ ನನ್ನ ಹೆಂಡತಿಯೂ ಅದನ್ನು ದಿವಾನದ ಕೆಳಗಿನಿಂದ ಪೊರಕೆ ಹಿಡಿದು ಎಬ್ಬಿಸಿ, ಟವೆಲ್ಲಿನಲ್ಲಿ ಸುತ್ತಿ, ಪೆಟ್ಟಿಗೆಗೆ ತುರುಕಿದೆವು. ತುರುಕುವಾಗ ಅದು ಒದ್ದ ರಭಸಕ್ಕೆ ಏನೋ ಚಳಕ್ ಎಂದಿತು. ಎರಡು ದಿನ ಕುಂಟಿತು. ಬ್ಯಾಟರಾಯನಪುರದಲ್ಲಿ ನಾವು ತೋರಿಸುವ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಮೊಲದ ಕಾಲಿಗಿರುವ ಶಕ್ತಿ ಅದರ ಬೆನ್ನಿಗಿಲ್ಲ, ತನ್ನ ಒದೆತಕ್ಕೆ ತಾನೇ ಬೆನ್ನು ಮುರಿದುಕೊಳ್ಳುತ್ತದೆ, ಈ ಸಲ ಉಳಿದದ್ದು ಅದೃಷ್ಟ ಎಂದರು. "ಇನ್ನೊಂದ್ ಸಲ ಹೀಗೆ ಹಿಡಿದು ತರಬೇಡಿ. ಅದೇ ನಡ್ಕೊಂಡು ಪೆಟ್ಟಿಗೆ ಒಳಗೆ ಹೋಗ್ಬೇಕು. ಐದು ವಾರ ಇದೆ, ಕಲ್ಸಿ."

ಕಲಿಸುವ ರೀತಿಯನ್ನೂ ಅವರೇ ಹೇಳಿದರು. ಬೆರಳಲ್ಲಿ ಒತ್ತಿದರೆ ಟಕ್ ಎನ್ನುವ ಕ್ಲಿಕ್ಕರ್ ಎಂಬ ಪುಟ್ಟ ಸಾಧನವಿದೆ. ಮೊದಲು ಟಕ್, ಹಿಂದೆಯೇ ಒಂದೆಸಳು ಕೊತ್ತಂಬರಿ. ಟಕ್ ಎಂದರೆ ತಿನ್ನಲು ಸಿಗುತ್ತದೆಂದು ಮೊಲಕ್ಕೆ ಗೊತ್ತಾದ ಮೇಲೆ, ಅದು ನಮಗೆ ಬೇಕಾದದ್ದನ್ನು ಮಾಡಿದ ಕ್ಷಣದಲ್ಲೇ ಟಕ್ ಎನಿಸಬೇಕು. ಮೊದಲು ಪೆಟ್ಟಿಗೆ ನೋಡಿದ್ದಕ್ಕೆ, ಆಮೇಲೆ ಮೂಗು ತಾಗಿಸಿದ್ದಕ್ಕೆ, ಆಮೇಲೆ ಒಂದು ಕಾಲು ಒಳಗಿಟ್ಟಿದ್ದಕ್ಕೆ. ಎರಡೇ ನಿಯಮ: ಟಕ್ ಎಂದ ಮೇಲೆ ತಿಂಡಿ ತಪ್ಪಬಾರದು, ಟಕ್ ತಡವಾಗಬಾರದು.

ತರಿಸಿದ ಕ್ಲಿಕ್ಕರಿನ ಸದ್ದು ತೀರ ಜೋರಾಯಿತು. ಮೊದಲ ಸಲ ಒತ್ತಿದ್ದೇ ಮೊಲ ಹಿಂಗಾಲು ನೆಲಕ್ಕೆ ಬಡಿದು ದಿವಾನದ ಕೆಳಗೆ ಹೋಗಿ ಸಂಜೆಯ ತನಕ ಅಲ್ಲೇ ಕೂತಿತು. ಬಾಲ್ ಪೆನ್ನಿನ ಸದ್ದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಸದ್ದಿಗಾಗಿ ಮನೆಯೆಲ್ಲ ಹುಡುಕುತ್ತಿದ್ದಾಗ ಅಮ್ಮ ಕಾಫಿಗೆ ಒಲೆ ಹಚ್ಚಿದಳು. ಗ್ಯಾಸ್ ಲೈಟರ್ ಟಕ್ ಎಂದಿತು. ಅಡುಗೆಮನೆ ಬಾಗಿಲಲ್ಲಿ ಚಾಚಿಕೊಂಡಿದ್ದ ಮೊಲ ಬಿಳಿ ಕಿವಿಯನ್ನು ಮಾತ್ರ ಆ ಕಡೆ ತಿರುಗಿಸಿತು. ಬಂದ ದಿನದಿಂದ ಕೇಳಿದ ಸದ್ದು, ಅದಕ್ಕೆ ಹೆದರಿಕೆಯಿಲ್ಲ. ನನಗೆ ಅಂದು ಎಷ್ಟು ಹೆಮ್ಮೆಯಾಯಿತೆಂದರೆ, ಮುಂದಿನದನ್ನು ಯೋಚಿಸುವುದೇ ಮರೆಯಿತು.

ಮುಂದಿನದು, ಸಂಜೆಯೆಲ್ಲ ಲೈಟರ್ ಒತ್ತಿ ಕೊತ್ತಂಬರಿ ಕೊಟ್ಟ ಮೇಲೆ, ಮಾರನೆಯ ಬೆಳಿಗ್ಗೆ ತಿಳಿಯಿತು. ಅಮ್ಮ ದಿನಕ್ಕೆ ಹತ್ತು ಹನ್ನೆರಡು ಸಲ ಒಲೆ ಹಚ್ಚುತ್ತಾಳೆ. ಪ್ರತಿ ಟಕ್ಕಿಗೂ ಮೊಲ ಬಂದು ಅವಳ ಸೆರಗಿನ ತುದಿ ಮೂಸುತ್ತಿತ್ತು. ನಿಯಮದ ಪ್ರಕಾರ ಪ್ರತಿ ಸಲವೂ ಕೊಡಬೇಕು. ಕೊಟ್ಟರೆ ಹೊಟ್ಟೆ ಕೆಡುತ್ತದೆ, ಕೊಡದಿದ್ದರೆ ಪಾಠ ಕೆಡುತ್ತದೆ. ನಾನು ಲೈಟರನ್ನು ಜೇಬಿಗೆ ಹಾಕಿಕೊಂಡು ಅಮ್ಮನಿಗೆ ಬೆಂಕಿಪೊಟ್ಟಣದ ಕಟ್ಟು ತಂದುಕೊಟ್ಟೆ.

ಅಮ್ಮ ಕಟ್ಟನ್ನು ತಿರುಗಿಸಿ ನೋಡಿದಳು. "ಮದುವೆ ಆದ ಹೊಸತ್ರಲ್ಲಿ ಕಡ್ಡಿ ಗೀರ್ತಿದ್ದೆ ಕಣೋ. ಈಗ ಮೊಲದ ದೆಸೆಯಿಂದ ಮತ್ತೆ ಹೊಸತಾಗಿ ಶುರು."

ಸಮಯಕ್ಕೆ ಸರಿಯಾಗಿ ಟಕ್ ಎನಿಸಲು ನನಗೇ ಅಭ್ಯಾಸ ಬೇಕಿತ್ತು. ಟೀವಿಯಲ್ಲಿ ವಾರ್ತೆ ಓದುವಾಕೆ ಕಣ್ಣು ಮಿಟುಕಿಸಿದಾಗೆಲ್ಲ, ಮೊಲಕ್ಕೆ ಕೇಳಿಸದಂತೆ, ಖಾಲಿ ಬೆರಳಿನಲ್ಲಿ ಒತ್ತುವಂತೆ ನಟಿಸಿ ಬಾಯಲ್ಲೇ ಟಕ್ ಎನ್ನುತ್ತಿದ್ದೆ. ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಹೆಂಡತಿ ಒಂದು ವಾರ ನೋಡಿ ತೀರ್ಪು ಕೊಟ್ಟಳು. "ನಿಮ್ಮದು ಲೇಟು ಕಣ್ರೀ. ಒಂದು ರೆಪ್ಪೆ ಹಿಂದೆ ಇದೀರ."

ಅವಳ ಮಾತು ನಿಜವಾಗಿತ್ತು. ಮೊಲ ಪೆಟ್ಟಿಗೆಯತ್ತ ನೋಡಿದಾಗ ಲೈಟರ್ ಒತ್ತಬೇಕು. ನನ್ನ ಬೆರಳು ಇಳಿಯುವ ಹೊತ್ತಿಗೆ ಅದು ಮುಖ ತಿರುಗಿಸಿರುತ್ತಿತ್ತು. ಎರಡನೆಯ ವಾರದ ಕೊನೆಗೆ ಮೊಲ ಒಂದು ಪಾಠವನ್ನು ಪೂರ್ತಿ ಕಲಿತಿತ್ತು: ಪೆಟ್ಟಿಗೆಯ ಹತ್ತಿರ ಬರುವುದು, ಅದಕ್ಕೆ ಬೆನ್ನು ತಿರುಗಿಸಿ ಕೂರುವುದು, ನನ್ನ ಕೈ ನೋಡುವುದು. ಡಾಕ್ಟರಿಗೆ ಫೋನು ಮಾಡಿ ಮೊಲ ದಡ್ಡ ಇರಬಹುದೇ ಎಂದು ಕೇಳಿದೆ. ಅವರು, "ನೀವು ಕಲ್ಸಿದ್ದನ್ನ ಕಲಿತಿದೆ," ಎಂದರು. ನಾನು ಅದನ್ನು ಮೊಲದ ಪರವಾದ ಹೊಗಳಿಕೆ ಎಂದುಕೊಂಡು ಫೋನಿಟ್ಟೆ.

ಮೊದಲಿನಿಂದ ಶುರುಮಾಡಿದೆವು. ಈ ಸಲ ಹೆಂಡತಿ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಬೇಕಾದ ಕ್ಷಣದಲ್ಲಿ ಸ್ಕೇಲಿನಿಂದ ನನ್ನ ಭುಜಕ್ಕೆ ತಟ್ಟುತ್ತಿದ್ದಳು. ನಾನು ಒತ್ತುತ್ತಿದ್ದೆ. ಮೂರನೆಯ ವಾರದಲ್ಲಿ ಮೂಗು ತಾಗಿತು, ನಾಲ್ಕನೆಯದರಲ್ಲಿ ಮುಂಗಾಲು ಒಳಗೆ ಹೋಯಿತು. ಗುರುವಾರಕ್ಕೆ ಇಡೀ ಮೊಲ ಒಳಗೆ ಹೋಗಿ ಮೂರು ಎಣಿಸುವಷ್ಟು ಹೊತ್ತು ನಿಂತಿತು. ಅಮ್ಮ ಸೌಟು ಹಿಡಿದು ಬಾಗಿಲಿಗೆ ಬಂದು ನೋಡಿ, ಅದಕ್ಕೂ ತನ್ನ ಮಗನ ಹಾಗೆ ಮೂಲೆ ಸೇರುವುದು ಇಷ್ಟ ಎಂದಳು.

ಐದನೆಯ ವಾರ ಶುರುವಾಗುತ್ತಿದ್ದಂತೆ ಹೊಸ ತೊಡಕು ಕಂಡಿತು. ಹಲ್ಲು ಬೆಳೆಯುತ್ತಿತ್ತು. ಮೊಲ ಕೊತ್ತಂಬರಿಯನ್ನು ಬಾಯಿಯ ಪಕ್ಕದಿಂದ ಎಳೆದುಕೊಳ್ಳತೊಡಗಿತು, ಕಾಂಡ ಕೆಳಗೆ ಬೀಳುತ್ತಿತ್ತು. ಬುಧವಾರ ಎಸಳನ್ನೂ ಎರಡು ಸಲ ಬಾಯಿಗೆ ಹಾಕಿಕೊಂಡು ಬಿಟ್ಟಿತು. ನಾನು ಫಾರಮ್ಮಿನ ಹಿಂದೆ ಬರೆದುಕೊಂಡೆ: ಹಲ್ಲು ಬೆಳೆದರೆ ಕೊತ್ತಂಬರಿ ತಿನ್ನುವುದಿಲ್ಲ, ಕೊತ್ತಂಬರಿ ತಿನ್ನದಿದ್ದರೆ ಪೆಟ್ಟಿಗೆಗೆ ಹೋಗುವುದಿಲ್ಲ, ಪೆಟ್ಟಿಗೆಗೆ ಹೋಗದಿದ್ದರೆ ಹಲ್ಲು ಕತ್ತರಿಸಲಾಗುವುದಿಲ್ಲ. ವಾಲ್ವುಗಳಲ್ಲಿ ಇಂಥದ್ದನ್ನು ನಾನು ನೋಡಿಲ್ಲ. ಆವತ್ತು ಮಧ್ಯಾಹ್ನ ಕಾರ್ಖಾನೆಯಲ್ಲಿ ಊಟದ ಡಬ್ಬಿ ತೆರೆದೆ, ಅಗಿಯಲು ಮನಸ್ಸಾಗಲಿಲ್ಲ, ಮುಚ್ಚಿದೆ.

ಸಂಜೆ ನಾನು ನೆಲದ ಮೇಲೆ ಕೂತು ಎಸಳು ಚಾಚಿ, ಅದು ತೆಗೆದುಕೊಂಡು ಬೀಳಿಸಿ, ನಾನು ಮತ್ತೆ ಚಾಚಿ, ಹೀಗೇ ನಡೆದಿತ್ತು. ಅಮ್ಮ ಸಾರಿನ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ.

"ಹಲ್ಲಿಲ್ಲದವ್ರಿಗೆ ಯಾರಾದ್ರೂ ಕಟ್ಟುಗಟ್ಲೆ ಸೊಪ್ಪು ಕೊಡ್ತಾರೇನೋ? ಸಾರಿಗೆ ಹಾಕೋ ಹಂಗೆ ಸಣ್ಣಗೆ ಹೆಚ್ಚು."

ಹೆಚ್ಚಿದ್ದೂ ಅವಳೇ. ಒಂದು ಬಾಟಲಿ ಮುಚ್ಚಳದಲ್ಲಿ ಹಾಕಿ ನನ್ನ ಪಕ್ಕ ತಳ್ಳಿದಳು. ಮೊಲ ನಾಲಿಗೆಯಿಂದ ಗೋರಿ ತಿಂದಿತು. ಅಲ್ಲಿಂದ ಶನಿವಾರದ ತನಕ ದಿನಕ್ಕೆ ಮೂರು ಹೊತ್ತು ಮೊಲ ಪೆಟ್ಟಿಗೆಯೊಳಗೆ, ಟಕ್, ಹೆಚ್ಚಿದ ಕೊತ್ತಂಬರಿ ಪೆಟ್ಟಿಗೆಯೊಳಗೆ. ಬಾಗಿಲು ಹಾಕಿದೆ, ಟಕ್. ಪೆಟ್ಟಿಗೆ ಎತ್ತಿದೆ, ಟಕ್. ಮನೆ ತುಂಬ ಹೊತ್ತುಕೊಂಡು ತಿರುಗಿದೆ, ಟಕ್. ಶುಕ್ರವಾರ ಬಾಗಿಲು ತೆರೆದಿಟ್ಟಿದ್ದರೂ ಅದು ಒಳಗೇ ಮಲಗಿತ್ತು. "ಅದು ಅಲ್ಲೇ ಮನೆ ಮಾಡ್ಕೊಂಡ್ಬಿಡ್ತು ನೋಡೋ," ಎಂದಳು ಅಮ್ಮ. ಹೌದಲ್ಲ ಎಂದು ನಾನು ಹಿಗ್ಗಿದೆ.

ಶನಿವಾರ ಬೆಳಿಗ್ಗೆ ಹೆಂಡತಿಗೆ ಸ್ಕೂಲಿತ್ತು. ನಾನೊಬ್ಬನೇ ಹೊರಟೆ. ಒಂದು ಜೇಬಿನಲ್ಲಿ ಲೈಟರ್, ಇನ್ನೊಂದರಲ್ಲಿ ಕೊತ್ತಂಬರಿಯ ಡಬ್ಬಿ, ಅಂಗಿಯ ಜೇಬಿನಲ್ಲಿ ಪಟ್ಟಿ. ಪೆಟ್ಟಿಗೆ ನೆಲಕ್ಕಿಟ್ಟೆ. ಮೊಲ ಬಂತು, ಒಳಗೆ ಹೋಯಿತು, ತಿರುಗಿ ಕೂತಿತು. ಬಾಗಿಲು ಹಾಕಿದೆ. ಒದೆಯಲಿಲ್ಲ. ಮೆಟ್ಟಿಲಿಳಿದೆ. ಹಿಡಿ ಕಿತ್ತು ಬರಲಿಲ್ಲ. ಮೊದಲ ಆಟೋ ನಿಂತಿತು.

ಡ್ರೈವರು ಕನ್ನಡಿಯಲ್ಲಿ ನೋಡುತ್ತ ಒಳಗೇನು ಎಂದು ಕೇಳಿದ. ಮೊಲ ಎಂದೆ. ಸಾಕೋದಕ್ಕೋ ಸಾರಿಗೋ ಎಂದು ತಿಳಿದುಕೊಳ್ಳಲು ಅವನಿಗೆ ಮನಸ್ಸಿದ್ದಂತಿತ್ತು. ಹಲ್ಲು ತೋರಿಸಲು ಡಾಕ್ಟರ ಹತ್ತಿರ ಎಂದು ನಾನೇ ಹೇಳಿಬಿಟ್ಟೆ.

"ನನ್ ಹಲ್ಲು ಯುಗಾದಿಯಿಂದ ನೋಯ್ತೈತೆ ಸಾರ್," ಎಂದ ಅವನು. "ಯಾರೂ ಡಬ್ಬಕ್ಕೆ ಹಾಕ್ಕೊಂಡು ಹೋಗ್ಲಿಲ್ಲ."

ಗಂಗಮ್ಮ ಸರ್ಕಲ್ಲಿನಲ್ಲಿ ಬಸ್ಸು ಹಾರನ್ ಹೊಡೆಯಿತು. ನಾನು ಪೆಟ್ಟಿಗೆಯ ಜಾಲರಿಗೆ ಕಿವಿಯಿಟ್ಟೆ. ಮೊಲ ಉಸಿರಾಡುತ್ತಿತ್ತು, ನಾನೇ ಉಸಿರು ಬಿಗಿಹಿಡಿದಿದ್ದೆ. ಕೊಡಿಗೇಹಳ್ಳಿ ದಾಟುವಷ್ಟರಲ್ಲಿ ಪಟ್ಟಿಯ ಹದಿನೈದು ಸಾಲುಗಳಿಗೆ ಮನಸ್ಸಿನಲ್ಲೇ ಗೀಟು ಹಾಕಿದ್ದೆ. ಕ್ಲಿನಿಕ್ಕಿನ ಬೆಂಚಿನಲ್ಲಿ ನಾಯಿ ಇರಲಿಲ್ಲ, ಟೋಪಿ ಹಾಕಿದ ಹಿರಿಯರೊಬ್ಬರ ಮಡಿಲಲ್ಲಿ ಒಂದು ಗಿಳಿ ಮಾತ್ರ ಇತ್ತು. ಡಾಕ್ಟರು ಮದುವೆಗೆ ಹೋಗಿರಲಿಲ್ಲ. ಕರೆಂಟಿತ್ತು. ತಾನೇ ನಡೆದುಕೊಂಡು ಪೆಟ್ಟಿಗೆಗೆ ಹೋಯಿತು ಎಂದೆ. ಡಾಕ್ಟರು ಒಳ್ಳೇದಾಯ್ತು ಎನ್ನುತ್ತ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬಾಗಿಲು ತೆರೆದರು.

ಮೊಲ ಹೊರಗೆ ಬರಲಿಲ್ಲ.

ಸ್ವಲ್ಪ ಕಾದೆವು. ಕೈ ಹಾಕಿ ಎಳೆಯುವುದು ಬೇಡ ಎಂದು ಐದು ವಾರದ ಹಿಂದೆ ಹೇಳಿದವರು ಅವರೇ ಆದ್ದರಿಂದ ಅವರೂ ಎಳೆಯಲಿಲ್ಲ. ಒಂದು ನಿಮಿಷ ಇರಿ ಎಂದು ನಾನು ಜೇಬಿನಿಂದ ಲೈಟರ್ ತೆಗೆದು, ಇಷ್ಟು ದಿನ ಪಳಗಿದ ಬೆರಳಿನಿಂದ ಟಕ್ ಎನಿಸಿದೆ. ಮೊಲ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೊರಗಿ, ಮುಖವೆತ್ತಿತು. ಒಳಗಿದ್ದದ್ದಕ್ಕೆ ಕೊತ್ತಂಬರಿ ಬರಬೇಕಿತ್ತು. ನಿಯಮ ಮುರಿಯುವಂತಿರಲಿಲ್ಲ, ಕೊಟ್ಟೆ. ಮತ್ತೊಮ್ಮೆ ಟಕ್ ಎನಿಸಿದೆ. ಅದು ಇನ್ನಷ್ಟು ಗಟ್ಟಿಯಾಗಿ ಕೂತಿತು. ಕೊಟ್ಟೆ. ಮೂರನೆಯ ಸಲಕ್ಕೆ ಡಾಕ್ಟರು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

"ಹೊರಗೆ ಬರೋದು ಹೇಳ್ಕೊಟ್ಟಿಲ್ವಾ?"

ಪಟ್ಟಿ ತೆಗೆದು ನೋಡುವ ಅಗತ್ಯವಿರಲಿಲ್ಲ. ಇಪ್ಪತ್ತೇಳು ಸಾಲಿನಲ್ಲಿ ಅದು ಇಲ್ಲವೆಂದು ನನಗೆ ಗೊತ್ತಿತ್ತು. ಇಲ್ಲ ಎಂದೆ.

ಅವರು ಪೆಟ್ಟಿಗೆಯ ಪಕ್ಕದ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಮೇಲಿನ ಅರ್ಧವನ್ನು ಪೂರ್ತಿ ಎತ್ತಿ ಪಕ್ಕಕ್ಕಿಟ್ಟರು. ಸೂರು ಹೋದದ್ದು ಮೊಲಕ್ಕೆ ತಿಳಿದಂತೆ ಕಾಣಲಿಲ್ಲ. ಕೆಳಗಿನ ತಟ್ಟೆಯಲ್ಲಿ ಕೂತಲ್ಲಿಯೇ ಅದರ ಬಾಯಿ ಬಿಡಿಸಿ ಹಲ್ಲು ಕತ್ತರಿಸಿದರು, ಮೂರು ನಿಮಿಷ ಹಿಡಿಯಲಿಲ್ಲ, ರಕ್ತ ಬರಲಿಲ್ಲ, ನಾನು ಬೀಳಲಿಲ್ಲ. ಡಬ್ಬಿಯ ತಳದಲ್ಲಿ ಹೆಚ್ಚುವಾಗ ತಪ್ಪಿಸಿಕೊಂಡು ಉಳಿದಿದ್ದ ಒಂದು ಉದ್ದನೆಯ ಕಾಂಡವಿತ್ತು. ಚಾಚಿದೆ. ಮೊಲ ಅದನ್ನು ಬೀಳಿಸದೆ ಬಾಯೊಳಗೆಳೆದು ಕಚಕಚನೆ ಅಗಿದು ಮುಗಿಸಿತು, ನಾಲ್ಕು ಕಡೆಯೂ ತೆರೆದ ಮೇಜಿನ ಮೇಲೆ, ತಟ್ಟೆಯ ಅಂಚು ದಾಟದೆ, ಇನ್ನೂ ಒಳಗೇ ಇದ್ದುಕೊಂಡು.