ಜಪಾನಿ ಭಾಷೆ ಇರಲಿ ಬಿಡ್ರಿ

ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಇನ್ನೂ ಹೊಸದಾಗಿದ್ದ ಕಾಲ. ನಾಗಪುರದ ರಾಮದಾಸಪೇಠದ ಆಸ್ಪತ್ರೆಯೊಂದರ ಲಿನಕ್ಸ್ ಕಂಪ್ಯೂಟರಿನಲ್ಲಿ ಡಿಸ್ಕ್ ತುಂಬಿ, ರಕ್ತಪರೀಕ್ಷೆಯ ವರದಿಗಳು ಪ್ರಿಂಟ್ ಆಗುವುದೇ ನಿಂತಿತ್ತು. ಹೊರಗೆ ರೋಗಿಗಳ ಕಡೆಯವರ ಗದ್ದಲ. ಅದನ್ನು ಸರಿಪಡಿಸಲು ಬಂದು, ಬೇಡದ್ದನ್ನು ಅಳಿಸಲು ಹೋದ ನನಗೆ ಧಾರವಾಡ ಕಡೆಯ ಮ್ಯಾನೇಜರ್ ದೇಸಾಯಿಯವರು ಒಂದನ್ನೂ ಮುಟ್ಟಗೊಡಲಿಲ್ಲ. ಲಿನಕ್ಸ್ ಜೊತೆಗೇ ಬಂದಿದ್ದ ಆಟಗಳನ್ನು ತೆಗೆಯಲೇ ಎಂದರೆ, "ಇರ್ಲಿ ಬಿಡ್ರಿ." ಜಪಾನಿ, ಜರ್ಮನ್ ಭಾಷೆಯ ಫೈಲುಗಳನ್ನು ಎಂದರೆ, "ಅವೂ ಇರ್ಲಿ. ನಾಳೆ ಯಾರರ ಬಂದ್ರ?"

"ಸರ್, ಇಲ್ಲಿಗೆ ಜಪಾನಿನವರು ಯಾಕೆ ಬರ್ತಾರೆ?" ನನ್ನ ತಾಳ್ಮೆ ಮುಗಿದಿತ್ತು.

ಅವರು ಪರದೆಯತ್ತ ಬಗ್ಗಿದರು. "ಇಷ್ಟ್ ಭಾಷಾದಾಗ ನಮ್ಮ ಕನ್ನಡ ಎಲ್ಲೈತಿ?"

"ಇದರಲ್ಲಿ ಕನ್ನಡ ಇಲ್ಲ ಸರ್."

ಅವರ ಮುಖ ಬಿಗಿಯಿತು. "ಹಂಗಾದ್ರ ಎಲ್ಲಾ ತಗೀರಿ. ಜಲ್ದಿ."

ವರದಿಗಳು ಒಂದೊಂದಾಗಿ ಹೊರಬಿದ್ದವು. ಇಂಗ್ಲಿಷನ್ನೂ ತೆಗೆಯಿರಿ ಅನ್ನಲಿಲ್ಲವಲ್ಲ, ಅದೇ ನನ್ನ ಪುಣ್ಯ.