ಸುಳ್ಳು ಸಿಗದ ಪಿಸ್ತೂಲು

ಬೆಲ್ಜಿಯಂನ ಲಿಯೇಜಿನಲ್ಲಿ ನಮ್ಮ ಬೀದಿಯ ನೋರ್ಬೆರ್ ಆನ್‌ಲೈನಿನಲ್ಲಿ ಹಳೆಯ ಬಂದೂಕುಗಳ ಜಾಹೀರಾತುಗಳಲ್ಲಿ ಮೋಸ ಹುಡುಕಲು ಕೂತನೆಂದರೆ ಮುಂದಿಟ್ಟ ಕಾಫಿ ತಣ್ಣಗಾದಂತೆಯೇ. 'ಅಜ್ಜನ ಅಟ್ಟದಲ್ಲಿ ಸಿಕ್ಕಿದ್ದು' ಎಂದಿದ್ದರೆ, "ಇವರ ಅಟ್ಟದ ತುಂಬ ಬರೀ ಅಜ್ಜಂದಿರೇ!" ಎನ್ನುತ್ತಾನೆ. ತುಕ್ಕು ಕಂಡರೆ, "ಹಳೇದು ಕಾಣ್ಲಿ ಅಂತ ಹೋದ ವಾರ ವಿನೆಗರ್‌ನಲ್ಲಿ ನೆನೆಹಾಕಿದ್ದು" ಎಂದು ನಗುತ್ತಾನೆ. ನಳಿಗೆಯ ಮೇಲಿನ ಪರೀಕ್ಷಾ ಮುದ್ರೆ ಮಸುಕಾಗಿದ್ದರಂತೂ ಮಾರುವವನ ವಂಶವನ್ನೇ ಜಾಲಾಡುತ್ತಾನೆ. ಅಂಥವನು ಮೊನ್ನೆ ನಾನು ಹೋದಾಗ ಯಾರೋ ವಿಧವೆಯೊಬ್ಬಳ ಜಾಹೀರಾತಿನ ಮುಂದೆ ಕಕ್ಕಾಬಿಕ್ಕಿಯಾಗಿ ಕೂತಿದ್ದ. ಪಿಸ್ತೂಲಿನ ಹಿಡಿ ಬಿರುಕು ಬಿಟ್ಟಿದೆ, ನಳಿಗೆ ಬೇರೊಂದರದು, ತೀರಿಹೋದ ನನ್ನ ಗಂಡ ರಿಪೇರಿಗೆಂದು ಕೂತು ಕೆಡಿಸಿದ್ದರು, ಅಷ್ಟೇನೂ ಹಳೆಯದಲ್ಲ ಎಂದು ಅವಳೇ ಬರೆದಿದ್ದಳು. "ಇದ್ರಲ್ಲಿ ಮೋಸ ಎಲ್ಲಿದೆ ಅಂತಾನೇ ತಿಳೀತಿಲ್ವಲ್ಲ, ಜೋಸೆ!" ಎಂದು ಹೆಂಡತಿಯನ್ನು ಕೂಗಿದ. ಜೋಸೆ ಪೂರ್ತಿ ಓದಿ, ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು. "ಮೋಸ ಏನಿಲ್ಲ ಕಣ್ರೀ. ಪಾಪ, ಮಾರೋಕೆ ಅವಳಿಗೆ ಮನಸ್ಸೇ ಇಲ್ಲ."