ದಪ್ಪ ಮೋಹಿನಿ, ಸಣಕಲು ಭಸ್ಮಾಸುರ

ಮೊಮ್ಮಗಳು ಮೊಬೈಲಿನಲ್ಲಿ ಒಬ್ಬ ದಪ್ಪ ಹುಡುಗಿಯ ನೃತ್ಯ ತೋರಿಸಿದಳು. ನಾನು ನೆನಪಿನಲ್ಲಿ ಸೀದಾ ಬಾಲ್ಯದ ರಾಜಾಜಿನಗರದ ಗಣಪತಿ ಪೆಂಡಾಲಿಗೆ ಹೋಗಿಬಿಟ್ಟೆ.

ನಮ್ಮ ಡ್ಯಾನ್ಸ್ ಕ್ಲಾಸಿನಲ್ಲಿ ದಪ್ಪಗಿದ್ದವರಿಗೆ ಯಾವಾಗಲೂ ರಾಕ್ಷಸರ ಪಾತ್ರವೇ. ಆ ಸಲ ಮೇಷ್ಟ್ರು ಗುಂಡುಗುಂಡಗಿದ್ದ ಸರ್ವಮಂಗಳೆಗೆ ಮೋಹಿನಿ ಕೊಟ್ಟು, ಸಣಕಲಿ ನನ್ನನ್ನು ಭಸ್ಮಾಸುರ ಮಾಡಿದರು.

"ಮೋಹಿನಿ ಅಂದ್ರೆ ತೆಳ್ಳಗಿರ್ಬೇಡ್ವಾ ಮೇಷ್ಟ್ರೇ?" ಅಮ್ಮನ ತಕರಾರು.

"ಅವಳು ಕುಣಿಯೋದು ನೋಡಿ ತಾಯಿ, ಆಮೇಲೆ ಹೇಳಿ."

ಪೆಂಡಾಲಿನ ವೇದಿಕೆಯ ಮೇಲೆ ಮೋಹಿನಿ ಮಾಡಿದ್ದನ್ನೇ ಮಾಡುತ್ತಾ, ಕೊನೆಗೆ ತಲೆಯ ಮೇಲೆ ಕೈಯಿಟ್ಟುಕೊಂಡು ನಾನು ಬೂದಿಯಾಗಬೇಕಿತ್ತು. ಅವಳು ತುಂಬು ತೋಳನ್ನು ನಿಧಾನವಾಗಿ ಎತ್ತಿ ತಲೆಯ ಮೇಲೆ ಕೈಯಿಟ್ಟಳು. ನಾನು ಮೈಮರೆತು ನೋಡುತ್ತಲೇ ನಿಂತೆ. ನಾನು ಮರೆತರೆ ಕೂಗಿ ನೆನಪಿಸಲೆಂದೇ ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನೂ ಬಾಯಿಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು. ಸರ್ವಮಂಗಳೆ ಮತ್ತೆ ಕೈಯಿಟ್ಟು ತೋರಿಸಿ, ಪಿಸುಗುಟ್ಟಿದಳು: "ಬೇಗ ಸಾಯೇ!"

"ಅಜ್ಜಿ, ಯಾಕೆ ತಲೆ ಮೇಲೆ ಕೈ ಇಟ್ಕೊಂಡಿದೀಯಾ?" ಎಂದಳು ಮೊಮ್ಮಗಳು.